ಹಾಪ್ಸ್ ಬಿಡಿಸಿದ ಕೈ

ಊರ್ಮಿಳೆಯ ಬಲಗೈಯ ತೋರುಬೆರಳು ಮಡಚುವುದಿಲ್ಲ. ಚಪಾತಿ ಹಿಟ್ಟು ನಾದುವಾಗ ಉಳಿದ ಬೆರಳುಗಳು ಹಿಟ್ಟಿನೊಳಗೆ ಮುಳುಗಿದರೂ ಅದೊಂದು ಮೇಲೆ ನಿಂತಿರುತ್ತದೆ. ಮ್ಯೂನಿಕ್ಕಿನ ಯುಗಾದಿ ಕೂಟದಲ್ಲಿ ಅವಳು ಕೋಸಂಬರಿ ಬಡಿಸುತ್ತಿದ್ದರೆ, ಯಾರನ್ನೋ ತೋರಿಸುತ್ತಿದ್ದಾಳೆ ಅಂದುಕೊಂಡು ಹೊಸಬರು ಹಿಂತಿರುಗಿ ನೋಡುತ್ತಾರೆ. ಯಾರಾದರೂ ಕೇಳಿದರೆ ಅವಳ ಗಂಡ ಪ್ರಭಂಜನನೇ ಉತ್ತರ ಹೇಳಿಬಿಡುತ್ತಾನೆ. "ಗ್ರೀನ್ ಕಾರ್ಡ್ ಟೈಮಲ್ಲಿ ಮನೇಲಿ ಬಿಯರ್ ಮಾಡ್ತಿದ್ವಿ. ಬಾಟಲ್ ಒಡೀತು." ಆಮೇಲೆ ಎಲ್ಲರೂ ಬಿಯರಿನ ವಿಷಯ ಕೇಳುತ್ತಾರೆ. ಬೆರಳಿನ ಮಾತು ಅಲ್ಲಿಗೆ ನಿಲ್ಲುತ್ತದೆ.

ಅವರು ಬಂದದ್ದು ಎರಡು ಸಾವಿರದ ಒಂದರಲ್ಲಿ. ಇಂಗೋಲ್‌ಸ್ಟಾಟ್‌ನಲ್ಲಿ ಕಾರುಗಳಿಗೆ ಸಾಫ್ಟ್‌ವೇರ್ ಬರೆದುಕೊಡುವ ಒಂದು ಸಣ್ಣ ಕಂಪನಿಗೆ ಪ್ರಭಂಜನ ಜರ್ಮನಿ ಆಗ ಹೊರದೇಶದ ಕಂಪ್ಯೂಟರ್ ಕೆಲಸಗಾರರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ಮೊದಲು ಬಂದ. ಊರ್ಮಿಳೆ ಸೆಪ್ಟೆಂಬರಿನ ಕೊನೆಗೆ ಮೂರು ವರ್ಷದ ಮಗಳು ಇಳಾಳನ್ನು ಕರೆದುಕೊಂಡು ಮೈಸೂರಿನಿಂದ ಬಂದಳು. ಊರೊಳಗೆ ಬಾಡಿಗೆ ಮನೆ ಸಿಗದೆ, ಗೈಸನ್‌ಫೆಲ್ಡ್ ಕಡೆಯ ಹಳ್ಳಿಯೊಂದರಲ್ಲಿ ಫ್ರಾವ್ ಶ್ಟಾಡ್ಲರ್ ಎಂಬ ವಿಧವೆಯ ಮನೆಯ ಮಹಡಿ ಹಿಡಿದರು. ಸುತ್ತ ಎಲ್ಲಿ ನೋಡಿದರೂ ಹಾಪ್ಸ್ ತೋಟ. ಲೈಟು ಕಂಬದಷ್ಟು ಎತ್ತರದ ಮರದ ಕಂಬಗಳು, ಕಂಬದಿಂದ ಕಂಬಕ್ಕೆ ತಂತಿ, ತಂತಿಗೆ ಹಬ್ಬಿದ ಬಳ್ಳಿ. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವುದು ಆ ಬಳ್ಳಿಯ ಹೂವು. ಹಸಿರು ಎಸಳಿನ ಮೇಲೆ ಎಸಳು ಹೊದಿಸಿದಂಥ, ಕಾಗದದಷ್ಟು ಹಗುರದ ಹೂವು. ಬಿಡಿಸಿ ನೋಡಿದರೆ ಒಳಗೆ ಅರಿಸಿನದಂಥ ಹಳದಿ ಪುಡಿ. ಮುಟ್ಟಿದರೆ ಕೈಗೆ ಅಂಟುತ್ತದೆ.

ಊರ್ಮಿಳೆಯ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ಕೆಳಗೆ ಜರ್ಮನ್ ಭಾಷೆಯಲ್ಲಿ ಒಂದು ಸಾಲು ಅಚ್ಚಾಗಿತ್ತು: ಸಂಪಾದನೆಯ ಕೆಲಸಕ್ಕೆ ಅನುಮತಿ ಇಲ್ಲ. ಗ್ರೀನ್ ಕಾರ್ಡಿನವರ ಹೆಂಡತಿಯರು ಮೊದಲ ವರ್ಷ ಹಾಗೆಯೇ ಇರಬೇಕಿತ್ತು. ಸಂಪಾದನೆಯಿಲ್ಲದ ಕೆಲಸಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. ಅದನ್ನು ಅವಳು ವಿಮಾನ ಇಳಿದ ದಿನವೇ ಶುರುಮಾಡಿದ್ದಳು.

ಮಾನಸಗಂಗೋತ್ರಿಯಲ್ಲಿ ಮೈಕ್ರೋಬಯಾಲಜಿ ಎಂ.ಎಸ್ಸಿ. ಮಾಡಿ, ಇಳಾ ಹುಟ್ಟುವವರೆಗೆ ಅವಳು ಮೈಸೂರಿನ ಒಂದು ಲ್ಯಾಬಿನಲ್ಲಿ ಕೆಲಸ ಮಾಡಿದ್ದಳು. ಹಾಲು, ಮೊಸರಿನ ಮಾದರಿ ಬರುತ್ತಿತ್ತು. ಪುಟ್ಟ ತಟ್ಟೆಯಲ್ಲಿ ಜೆಲ್ಲಿಯಂತೆ ಗಟ್ಟಿಯಾಗಿ ನಿಂತ ಅಗಾರಿನ ಮೇಲೆ ತಂತಿಯ ಕುಣಿಕೆಯಿಂದ ಗೆರೆ ಎಳೆದು, ಒಂದೊಂದು ಜೀವಿಯೂ ಬಿಡಿಬಿಡಿಯಾಗಿ ಬೆಳೆಯುವ ಹಾಗೆ ಮಾಡುವುದು ಅವಳ ಕೆಲಸ. ಕುಣಿಕೆಯನ್ನು ಪೆನ್ಸಿಲಿನಂತೆ ಹಿಡಿದು, ತೋರುಬೆರಳಿನಲ್ಲಿ ಭಾರ ಹಾಕಿಯೂ ಹಾಕದ ಹಾಗೆ ಎಳೆಯಬೇಕು. ಸ್ವಲ್ಪ ಒತ್ತಿದರೂ ಅಗಾರ್ ಹರಿಯುತ್ತದೆ. ಅವಳ ತಟ್ಟೆಗಳನ್ನು ಹೊಸದಾಗಿ ಸೇರಿದವರಿಗೆ ಮಾದರಿಯಾಗಿ ತೋರಿಸುತ್ತಿದ್ದರಂತೆ.

ಈ ವಿಷಯ ಕಾಂತಾಮಣಿಗೆ ಗೊತ್ತಿತ್ತು. ತುಮಕೂರಿನ ಕಾಂತಾಮಣಿ ಎಪ್ಪತ್ತರ ದಶಕದಲ್ಲಿ ಡಾಕ್ಟರಾಗಿ ಬಂದು ಇಂಗೋಲ್‌ಸ್ಟಾಟ್‌ನಲ್ಲೇ ನಿಂತವರು, ಮಕ್ಕಳ ವೈದ್ಯೆ, ಒಬ್ಬರೇ ಇದ್ದರು. ಇಳಾಳ ಕಿವಿನೋವಿಗೆ ಹೋದಾಗ ಪರಿಚಯವಾದದ್ದು. ಮರುವರ್ಷದ ಬೇಸಗೆಯಲ್ಲಿ ಒಂದು ದಿನ ಅವರೇ ಫೋನ್ ಮಾಡಿದರು.

"ಊರ್ಮಿಳಾ, ನಿಂದು ವರ್ಷ ಯಾವಾಗ ಮುಗಿಯತ್ತೆ?"

"ಸೆಪ್ಟೆಂಬರ್ ಕೊನೇಗೆ ಆಂಟಿ."

"ಇಲ್ಲೊಂದು ಹಾಲಿನ ಫ್ಯಾಕ್ಟರಿ ಲ್ಯಾಬಲ್ಲಿ ಜಾಗ ಇದೆ. ಫ್ರಾವ್ ರೈಸಿಂಗರ್ ಅಂತ, ಅವಳ ಮಗ ನನ್ನ ಪೇಷಂಟು. ಹೇಳಿಟ್ಟಿದೀನಿ. ಒಂದು ದಿನ ಬಂದು ಕೆಲಸ ಮಾಡಿ ತೋರಿಸು ಅಂತಾಳೆ. ಅವಳಿಗೆ ಒಪ್ಪಿಗೆ ಆದ್ರೆ ನಿನ್ನ ವರ್ಕ್ ಪರ್ಮಿಟ್ಟಿಗೆ ಆರ್‌ಬೈಟ್ಸ್‌ಆಮ್ಟ್‌ಗೆ ಅವಳೇ ಬರೀತಾಳೆ. ಜರ್ಮನ್ ಎಷ್ಟು ಬರತ್ತೆ?"

"ಅಂಗಡಿ, ಕಿಂಡರ್‌ಗಾರ್ಟನ್, ಇಷ್ಟಕ್ಕೆ ಸಾಕಾಗತ್ತೆ."

"ಲ್ಯಾಬಲ್ಲಿ ಮಾತು ಕಡಿಮೆ. ಕೈ ಸಾಕು."

ಆ ಕೊನೆಯ ಮಾತನ್ನು ಊರ್ಮಿಳೆ ಎಷ್ಟೋ ದಿನ ತನ್ನಷ್ಟಕ್ಕೆ ಹೇಳಿಕೊಂಡಳು. ಬೇಳೆ ತೊಳೆಯುವಾಗ, ಮಗುವಿನ ತಲೆ ಬಾಚುವಾಗ. ಸೆಪ್ಟೆಂಬರ್ ಕೊನೆಯ ಸೋಮವಾರ ಬಾ ಎಂದು ಫ್ರಾವ್ ರೈಸಿಂಗರ್ ಹೇಳಿಕಳಿಸಿದರು.

ಪ್ರಭಂಜನನ ಕಡೆ ಗಾಳಿ ಬೇರೆ ಬೀಸುತ್ತಿತ್ತು. ಅವನ ಟೀಮಿನಲ್ಲಿದ್ದ ಋಷಿಯನ್ನು ಆ ವರ್ಷ ಕೆಲಸದಿಂದ ತೆಗೆದಿದ್ದರು. ಕೆಲಸ ಹೋದರೆ ವೀಸಾಕ್ಕೂ ಸಂಚಕಾರ. ಋಷಿ ಎರಡು ಸೂಟ್‌ಕೇಸಿನೊಂದಿಗೆ ವಾಪಸು ಹೋದ. ಅವನ ಮಿಕ್ಸಿ, ಹಾಸಿಗೆ, ರೈಸ್ ಕುಕ್ಕರ್ ಊರ್ಮಿಳೆಯ ಮನೆಗೆ ಬಂದವು. ಆ ಕುಕ್ಕರಿನಲ್ಲಿ ಅನ್ನ ಮಾಡಿದಾಗಲೆಲ್ಲ ಪ್ರಭಂಜನ ಊಟ ಕಡಿಮೆ ಮಾಡುತ್ತಿದ್ದ. ಮುಂದಿನ ಸರದಿ ತನ್ನದೆಂದು ಅವನಿಗೆ ಅನ್ನಿಸತೊಡಗಿತ್ತು. ಅವನ ಭಯ ಸುಳ್ಳೇನಲ್ಲ. ಅವನ ವೀಸಾದ ಮೇಲೆ ಅವಳ ವೀಸಾ, ಅವಳ ವೀಸಾದ ಮೇಲೆ ಆ ಸೋಮವಾರ. ಇದನ್ನು ಅವಳು ಅವನಿಗಿಂತ ಚೆನ್ನಾಗಿ ತಿಳಿದಿದ್ದಳು.

ಅವನ ಮ್ಯಾನೇಜರ್ ಹೆರ್ ಲೆಕ್ನರ್ ಮನೆಯಲ್ಲಿ ಬಿಯರ್ ಮಾಡುವ ಹವ್ಯಾಸದವನು. ಕ್ಯಾಂಟೀನಿನಲ್ಲಿ ಬೇರೆ ಮಾತೇ ಇಲ್ಲ. ಪ್ರಭಂಜನನ ಮನೆತನದಲ್ಲಿ ಈರುಳ್ಳಿಯೂ ಹಬ್ಬದ ದಿನ ಒಳಗೆ ಬರುತ್ತಿರಲಿಲ್ಲ. ಅಂಥವನು ಹಿಂದಿನ ಚಳಿಗಾಲದಲ್ಲೇ ಒಂದು ದೊಡ್ಡ ಸ್ಟೀಲ್ ಪಾತ್ರೆ, ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್ಟು, ಒಂದು ಥರ್ಮಾಮೀಟರ್ ತಂದ. ಮೊದಲ ಬಿಯರ್ ಆಯಿತು, ಎರಡನೆಯದೂ ಆಯಿತು. ಅವನು ಓದಿ ಹೇಳುತ್ತಿದ್ದ, ಅವಳು ಮಾಡುತ್ತಿದ್ದಳು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಋಷಿಯ ಮಿಕ್ಸಿಯಲ್ಲಿ ರವೆಯಾಗಿಸಿ, ಹದ ಬಿಸಿಯ ನೀರಿನಲ್ಲಿ ನೆನೆಹಾಕಿ, ಬಿಸಿ ಏರದಂತೆ ಇಳಿಯದಂತೆ ಕೈಯಾಡಿಸುತ್ತ ನಿಂತು, ಆ ಸಿಹಿ ನೀರನ್ನು ಬಟ್ಟೆಯಲ್ಲಿ ಸೋಸಬೇಕು. ಸೋಸಲು ಬೇರೆ ಬಟ್ಟೆ ಸಿಗದೆ ಅವನ ಮದುವೆಯ ಪಂಚೆಯನ್ನು ಹರಿದುಕೊಂಡಿದ್ದಳು. ಕುದಿಸಿ, ತಣಿಸಿ, ಈಸ್ಟ್ ಹಾಕಿ, ಮುಚ್ಚಿಟ್ಟು, ಹುದುಗು ಪೂರ್ತಿ ಇಳಿದ ಮೇಲೆ ಬಾಟಲಿಗೆ ತುಂಬುವುದು. ಎಲ್ಲದರ ಮೊದಲೂ ಕೊನೆಗೂ ತೊಳೆಯುವುದು. ಬಿಯರ್ ಮಾಡುವುದೆಂದರೆ ಹತ್ತರಲ್ಲಿ ಒಂಬತ್ತು ಪಾಲು ತೊಳೆಯುವುದೇ. ಫೋಟೋ ತೆಗೆಯುವುದು ಮಾತ್ರ ಉಳಿದ ಒಂದು ಪಾಲಿನಲ್ಲಿ.

"ಗಂಡ ಬಿಯರ್ ಮಾಡ್ತಾನೆ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಾನಲ್ಲ," ಎಂದರು ಕಾಂತಾಮಣಿ ಒಮ್ಮೆ ಅವಳ ಕೈ ಹಿಡಿದು ನೋಡುತ್ತ. "ಅವನ ಉಗುರು ನೋಡಿದೀನಿ. ನಿನ್ನ ಉಗುರೂ ನೋಡ್ತಿದೀನಿ."

ಊರ್ಮಿಳೆ ನಕ್ಕು ಕೈ ಎಳೆದುಕೊಂಡಳು.

ಸೆಪ್ಟೆಂಬರ್ ಮೊದಲ ವಾರ ಹಾಪ್ಸ್ ಕೊಯ್ಲಿನ ಸಮಯ. ಹೆರ್ ಲೆಕ್ನರ್ ಕ್ಯಾಂಟೀನಿನಲ್ಲಿ ಹೇಳಿದ್ದನಂತೆ: ಒಣ ಹೂವಿನ ಬಿಯರನ್ನು ಯಾರು ಬೇಕಾದರೂ ಮಾಡಬಹುದು, ಬಳ್ಳಿಯಿಂದ ಇಳಿಸಿದ ದಿನವೇ ಹಸಿ ಹೂವು ಹಾಕಿ ಮಾಡಿದ್ದೇ ಬಿಯರು, ಅದು ಹಾಪ್ಸ್ ತೋಟದ ಪಕ್ಕದಲ್ಲಿ ಇರುವವರ ಪುಣ್ಯ. ಪ್ರಭಂಜನ ಅಲ್ಲೇ ಅವನನ್ನೂ ಟೀಮಿನವರನ್ನೂ ಊಟಕ್ಕೆ ಕರೆದುಬಿಟ್ಟ. ಬಿಯರ್ ತಯಾರಾಗಲು ಎಷ್ಟು ಸಮಯ ಬೇಕೆಂದು ಲೆಕ್ಕ ಹಾಕದೆ, ಅದೇ ತಿಂಗಳ ಕೊನೆಯ ಶನಿವಾರಕ್ಕೆ ಕರೆದ. ಅದರ ಮರುಮರುದಿನವೇ ಅವಳ ಸೋಮವಾರ.

"ಶನಿವಾರ ಜನ, ಸೋಮವಾರ ನನ್ನ ಲ್ಯಾಬು," ಎಂದಳು ಊರ್ಮಿಳೆ.

"ಮಧ್ಯ ಭಾನುವಾರ ಇದೆಯಲ್ಲ ಕಣೆ. ರೆಸ್ಟ್ ತಗೋ."

ಫ್ರಾವ್ ಶ್ಟಾಡ್ಲರಳ ತಮ್ಮನದೇ ತೋಟ. ಒಂದು ಶನಿವಾರ ಬೆಳಿಗ್ಗೆ ಪ್ರಭಂಜನ ತನ್ನ ಗೆಳೆಯ ಯತಿರಾಜನ ದೊಡ್ಡ ಕಾರಿನಲ್ಲಿ ಹೋಗಿ ಉದ್ದುದ್ದ ಬಳ್ಳಿಗಳನ್ನು ಹಗ್ಗದ ಸಮೇತ ತುಂಬಿಕೊಂಡು ಬಂದ. ಯತಿರಾಜ ಇಂಗೋಲ್‌ಸ್ಟಾಟ್‌ನಲ್ಲೇ ಇನ್ನೊಂದು ಕಂಪನಿಯಲ್ಲಿದ್ದ ಬ್ರಹ್ಮಚಾರಿ. ಬಳ್ಳಿಗಳನ್ನು ಮಹಡಿಗೆ ಎಳೆದು ತಂದರು. ಮೆಟ್ಟಿಲ ಮೇಲೆಲ್ಲ ಎಲೆ ಉದುರಿತು. ಅದನ್ನು ಗುಡಿಸಿ ಬರುವಷ್ಟರಲ್ಲಿ ಹಾಲಿನ ತುಂಬ ಹಸಿರು ರಾಶಿ. ಮೂವರೂ ಕೂತು ಹೂ ಬಿಡಿಸತೊಡಗಿದರು. ಹಾಪ್ಸ್ ಬಳ್ಳಿಗೆ ಕಣ್ಣಿಗೆ ಕಾಣದ ಕೊಕ್ಕೆಯಂಥ ಮುಳ್ಳಿರುತ್ತದೆ; ತೋಳಿಗೆ ತಾಗಿದಲ್ಲೆಲ್ಲ ಕೆಂಪು ಗೆರೆ.

"ಗುರು, ಕೈ ಅಂಟ್ತಿದೆ. ಇದು ನಮ್ ಕೈಲಾಗಲ್ಲ," ಎಂದ ಯತಿರಾಜ ಸ್ವಲ್ಪ ಹೊತ್ತಿಗೆ.

"ಬಾಲ್ಕನೀಲಿ ಕೂತ್ಕೋ ಮಗಾ, ಬಂದೆ. ಮೇಡಮ್ಮಿಗೆ ಹೂ ಬಿಡಿಸಿ ಅಭ್ಯಾಸ ಇದೆ. ಮೈಸೂರು ಮಲ್ಲಿಗೆಯೋರು."

"ಮಲ್ಲಿಗೆ ಕಟ್ಟಿದ್ರೆ ಮುಡ್ಕೋಬಹುದು ರೀ," ಎಂದಳು ಊರ್ಮಿಳೆ. "ಇದನ್ನ ಏನು ಮಾಡ್ಲಿ?"

ಇಬ್ಬರೂ ನಗುತ್ತ ಬಾಲ್ಕನಿಗೆ ಹೋದರು. ಹಸಿ ಹೂವು ರಾಶಿಯಲ್ಲಿದ್ದರೆ ಬೇಗ ಬಿಸಿಯೇರಿ ಬಾಡುತ್ತದೆ, ಅಂದೇ ಕುದಿಯಬೇಕು. ಒಗೆಯುವ ಬಟ್ಟೆಯ ಬುಟ್ಟಿ ತುಂಬುವಷ್ಟು ಹೂವನ್ನು ಅವಳು ಒಬ್ಬಳೇ ಬಿಡಿಸಿದಳು. ನಡುವೆ ಒಲೆಯ ಮೇಲಿನ ಪಾತ್ರೆಗೆ ಎದ್ದು ಎದ್ದು ಹೋಗುತ್ತಿದ್ದಳು. ಹೂವು ಬಿದ್ದ ಕೂಡಲೇ ಪಾತ್ರೆ ನೊರೆಯೆದ್ದು ಉಕ್ಕಿ, ಒಲೆಯ ಮೇಲೆ ಹರಿದು ಬುಸ್ಸೆಂದಿತು. ಆಗಲೇ ಮೈಸೂರಿನಿಂದ ಅತ್ತೆ ವಿಜಯಮ್ಮನ ಫೋನು.

"ಊರ್ಮಿಳಾ, ಅದೇನೇ ಅದು ಬುಸ್ ಅಂತಿರೋದು?"

"ಕಷಾಯ ಅತ್ತೆ."

"ಯಾರಿಗೆ ಕೆಮ್ಮು?"

"ಅವರಿಗೇ."

"ಬಿಸಿಬಿಸೀನೇ ಕುಡಿಸು. ಒಂದು ಚಮಚ ಜೇನುತುಪ್ಪ ಹಾಕು. ಅವನು ಕಹಿ ಕುಡಿಯಲ್ಲ, ಚಿಕ್ಕೋನಿದ್ದಾಗಿಂದ್ಲೂ ಅಷ್ಟೆ."

ಬಾಲ್ಕನಿಯಿಂದ ಯತಿರಾಜ ಕೆಮ್ಮಿ ತೋರಿಸಿದ. ಗಂಡನ ಪರವಾಗಿ ಸುಳ್ಳು ಹೇಳುವುದೂ ಅವಳ ಪಾಲಿನ ಮನೆಗೆಲಸಗಳಲ್ಲಿ ಒಂದಾಗಿತ್ತು.

ಕೈಗೆ ಹತ್ತಿ ಕಪ್ಪಾದ ಆ ಅಂಟು ಸೋಪಿಗೆ ಹೋಗಲಿಲ್ಲ, ಕಡಲೆಹಿಟ್ಟಿಗೂ ಹೋಗಲಿಲ್ಲ. ಎಣ್ಣೆ ಹಚ್ಚಿ ಉಜ್ಜಿದ ಮೇಲೆ ಕಪ್ಪು ಇಳಿಯಿತು, ಕಹಿ ಉಳಿಯಿತು. ಅವಳು ಕಲಸಿದ ಅನ್ನ ಕಹಿ, ಮುರಿದ ಚಪಾತಿ ಕಹಿ. ತುತ್ತು ಬಾಯಿಗಿಟ್ಟರೆ ಇಳಾ ಮುಖ ತಿರುಗಿಸಿ ಕಿಂಡರ್‌ಗಾರ್ಟನ್ನಿನ ಜರ್ಮನ್‌ನಲ್ಲಿ, "ನೈನ್, ಮಾಮಾ. ಬಿಟ್ಟರ್," ಎನ್ನುತ್ತಿದ್ದಳು. ಬೇಡ ಅಮ್ಮ, ಕಹಿ ಎಂದು. ಒಂದು ವಾರ ಮಗುವಿಗೆ ಚಮಚದಲ್ಲೇ ತಿನ್ನಿಸಬೇಕಾಯಿತು.

ಬಕೆಟ್ಟಿನ ಬಿಯರ್ ಆ ಸಲ ನಿಧಾನವಾಗಿ ಹುದುಗುತ್ತಿತ್ತು. ಅವಳು ದಿನವೂ ಒಂದು ಲೋಟದಷ್ಟು ತೆಗೆದು, ಗಾಜಿನ ತೇಲುಕಡ್ಡಿ ಇಳಿಬಿಟ್ಟು ನೋಡುತ್ತಿದ್ದಳು. ಒಳಗಿನ ಸಕ್ಕರೆ ಹುದುಗಿ ಕಡಿಮೆಯಾಗುತ್ತ ಹೋದಂತೆ ಕಡ್ಡಿ ಇನ್ನಷ್ಟು ಕೆಳಗಿಳಿಯುತ್ತದೆ. ಇಳಿಯುವುದು ನಿಂತರೆ ಹುದುಗು ಮುಗಿದಂತೆ. ಅದು ಇನ್ನೂ ನಿಂತಿರಲಿಲ್ಲ.

"ಇವತ್ತು ತುಂಬಿಬಿಡೋಣ," ಎಂದ ಪ್ರಭಂಜನ.

"ಇನ್ನೂ ಇಳೀತಿದೆ ರೀ. ಒಳಗೆ ಸಕ್ಕರೆ ಇದೆ. ಈಗ ಮುಚ್ಚಳ ಹಾಕಿದ್ರೆ ಗ್ಯಾಸ್ ಎಲ್ಲಿಗೆ ಹೋಗತ್ತೆ?"

"ಗ್ಯಾಸ್ ಬರ್ಬೇಕು ಅಂತಾನೇ ಅಲ್ವಾ ಬಾಟಲಿಗೆ ಹಾಕೋದು?"

"ಸ್ವಲ್ಪ ಬರ್ಬೇಕು. ಇಷ್ಟು ಬಂದ್ರೆ ಒಡೆಯತ್ತೆ."

"ಲೆಕ್ನರ್ ಬರೋದು ಶನಿವಾರ. ಬಕೆಟ್ಟಲ್ಲಿ ಇಟ್ಟು ಅವನಿಗೆ ಸೌಟಲ್ಲಿ ಬಡಿಸ್ಲಾ? ಲ್ಯಾಬ್ ಶುರುವಾಗೋಕೆ ಮುಂಚೇನೇ ಲೆಕ್ಚರ್ ಶುರು ಮಾಡಿದೀಯಲ್ಲ."

ಫ್ರಾವ್ ಶ್ಟಾಡ್ಲರಳ ನೆಲಮಾಳಿಗೆಯಿಂದ ತಂದ ತಂತಿ ಮುಚ್ಚಳದ ಹಳೆಯ ಬಾಟಲಿಗಳನ್ನು ಊರ್ಮಿಳೆಯೇ ತೊಳೆದು ಕೊಟ್ಟಳು. ಅವನು ತುಂಬಿದ. ಬಾಟಲಿಗೆ ಚಿಟಿಕೆ ಸಕ್ಕರೆ ಹಾಕುವ ಕಡೆ ಒಂದೊಂದು ಚಮಚ ಹಾಕಿದ. ಅವಳು ಕ್ರೇಟುಗಳನ್ನು ತಣ್ಣನೆಯ ನೆಲಮಾಳಿಗೆಗೆ ಇಳಿಸಿ ಬಂದಳು. ಅಲ್ಲಿ ತಂಪಿಗೆ ಹುದುಗು ಮಂದವಾಗುತ್ತದೆ, ಶನಿವಾರದವರೆಗೆ ಹೇಗೋ ತಡೆಯುತ್ತದೆ ಎಂದುಕೊಂಡಳು.

ಗುರುವಾರ ಸಂಜೆ ಪ್ರಭಂಜನ ಒಂದು ಬಾಟಲಿ ತೆರೆದು ನೋಡಿದ. ನೊರೆಯೇ ಬರಲಿಲ್ಲ. ತಣ್ಣಗಿದ್ದ ಬಿಯರ್ ಸಪ್ಪೆಯಾಗಿತ್ತು. ಆ ವಾರ ಚಳಿ ಮುಂಚೆಯೇ ಬಿದ್ದು ಫ್ರಾವ್ ಶ್ಟಾಡ್ಲರ್ ಮನೆ ಬಿಸಿ ಮಾಡುವ ಹೈಟ್ಸುಂಗ್ ಹಾಕಿದ್ದಳು. ಬಚ್ಚಲುಮನೆಯ ಗೋಡೆಗಿದ್ದ ಕಬ್ಬಿಣದ ಹೈಟ್ಸುಂಗ್ ಮನೆಯಲ್ಲೆಲ್ಲ ಹೆಚ್ಚು ಬಿಸಿ. ಬಂದ ವರ್ಷದ ಚಳಿಗಾಲದಿಂದಲೂ ಊರ್ಮಿಳೆ ಇಡ್ಲಿ ಹಿಟ್ಟಿನ ಪಾತ್ರೆಗೆ ಹಳೆಯ ಶಾಲು ಸುತ್ತಿ ಅದರ ಪಕ್ಕದಲ್ಲಿಡುತ್ತಿದ್ದಳು. ಹಾಗಿಟ್ಟರೆ ಜರ್ಮನಿಯಲ್ಲೂ ಹಿಟ್ಟು ಮೈಸೂರಿನಂತೆ ಉಬ್ಬುತ್ತಿತ್ತು. ಪ್ರಭಂಜನ ಇದನ್ನು ಗೆಳೆಯರಿಗೆಲ್ಲ ಹೇಳಿ ಹೊಗಳುತ್ತಿದ್ದ. ಆ ಸಂಜೆಯೂ ಅವಳು ಪಾರ್ಟಿಯ ಇಡ್ಲಿಗೆಂದು ರುಬ್ಬಿ, ಪಾತ್ರೆಯನ್ನು ಅಲ್ಲಿಟ್ಟು, ಇಳಾಳನ್ನು ಮಲಗಿಸಲು ಹೋದಳು. ಬಿಯರೂ ಹುದುಗಬೇಕಾದದ್ದೇ, ಹಿಟ್ಟೂ ಹುದುಗಬೇಕಾದದ್ದೇ. ಅವನು ನೆಲಮಾಳಿಗೆಯಿಂದ ಕ್ರೇಟುಗಳನ್ನು ಹೊತ್ತು ತಂದು ಹಿಟ್ಟಿನ ಪಾತ್ರೆಯ ಹಿಂದೆ ಹೈಟ್ಸುಂಗಿಗೆ ಒತ್ತಿ ಇಟ್ಟು, ಅದೇ ಶಾಲನ್ನು ಎಳೆದು ಎರಡಕ್ಕೂ ಹೊದಿಸಿದ. ಆ ಮನೆಯಲ್ಲಿ ಅವನು ಹೇಳದೆ ಕೇಳದೆ ತಾನಾಗಿ ಮಾಡಿದ ಕೆಲಸ ಅದೊಂದೇ.

ಶುಕ್ರವಾರ ಬೆಳಿಗ್ಗೆ ಅವನು ಆಫೀಸಿಗೆ ಹೊರಡಲು ಶೂ ಹಾಕಿಕೊಳ್ಳುತ್ತಿದ್ದ. ಊರ್ಮಿಳೆ ಹಿಟ್ಟು ನೋಡಲೆಂದು ಬಚ್ಚಲಿಗೆ ಬಂದಳು. ಹಲ್ಲುಜ್ಜಲು ಇಳಾ ಹಿಂದೆಯೇ ಬಂದಳು. ಶಾಲು ಎತ್ತಿದರೆ ಉಬ್ಬಿದ ಹಿಟ್ಟು, ಅದರಾಚೆ ಸಾಲಾಗಿ ಬಾಟಲಿಗಳ ಕತ್ತು. ಒಂದನ್ನು ಮುಟ್ಟಿದಳು. ಬಿಸಿ.

"ಇಳಾ, ಆಚೆ ಹೋಗು."

"ವರುಮ್?" ಎಂದಳು ಇಳಾ. ಯಾಕೆ ಎಂದು ಕೇಳದೆ ಅವಳು ಏನನ್ನೂ ಮಾಡುತ್ತಿರಲಿಲ್ಲ.

"ಹೋಗು ಅಂದೆ."

ಮಗು ಕದಲಲಿಲ್ಲ. ಊರ್ಮಿಳೆ ಎಡಗೈಯಲ್ಲಿ ಅವಳನ್ನು ಬಾಗಿಲಿನಾಚೆ ತಳ್ಳುತ್ತ, ಬಲಗೈಯಲ್ಲಿ ಶಾಲನ್ನು ಮತ್ತೆ ಬಾಟಲಿಗಳ ಮೇಲೆ ಎಳೆದಳು. ಶಾಲಿನ ಮೇಲೆ ಕೈ ಇರುವಾಗಲೇ ಒಂದು ಬಾಟಲಿ ಸಿಡಿಯಿತು. ಅದರ ಹಿಂದೆ ಇನ್ನೊಂದು. ಇಳಾಗೆ ಒಂದು ಚೂರೂ ತಾಗಲಿಲ್ಲ. ಶಾಲು ಹರಿದಿತ್ತು. ಇಡ್ಲಿ ಹಿಟ್ಟಿನ ತುಂಬ ಗಾಜು, ಅದರ ಮೇಲೆ ರಕ್ತ. ಹೂವಿನ ಪರಿಮಳ ಬಚ್ಚಲು ತುಂಬಿತ್ತು. ನಿಜಕ್ಕೂ ಒಳ್ಳೆಯ ಪರಿಮಳ ಅದು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಮೊದಲು ಕೇಳಿದ ಪ್ರಶ್ನೆ, "ಆರ್‌ಬೈಟ್ಸ್‌ಉನ್‌ಫಾಲ್?" ಅಲ್ಲಿ ಯಾವ ಗಾಯ ಹೊತ್ತು ಹೋದರೂ ಇದನ್ನು ಕೇಳುತ್ತಾರೆ: ಕೆಲಸದಲ್ಲಿ ಆದ ಅಪಘಾತವೇ? ಹೌದಾದರೆ ಚಿಕಿತ್ಸೆ, ಪರಿಹಾರ ಎಲ್ಲಕ್ಕೂ ಬೇರೆ ವಿಮೆ ಇದೆ.

"ನೈನ್," ಎಂದ ಪ್ರಭಂಜನ. "ಮನೇಲಿ ಆದದ್ದು. ಪ್ರಿವಾಟ್."

ಟವೆಲಿನಲ್ಲಿ ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು ಕೂತಿದ್ದ ಊರ್ಮಿಳೆ ತಲೆಯೆತ್ತಿದಳು. ಏನೋ ಹೇಳಬೇಕೆನ್ನಿಸಿತು. ಜರ್ಮನ್ ಪದಗಳು ಒಂದೂ ನೆನಪಿಗೆ ಬರಲಿಲ್ಲ.

ತೋರುಬೆರಳನ್ನು ಮಡಚುವ ಸ್ನಾಯುರಜ್ಜು ಬುಡದಲ್ಲೇ ಕತ್ತರಿಸಿಹೋಗಿತ್ತು. ಹೊಲಿದರು. ಆರು ವಾರ ಆ ಕೈಯಲ್ಲಿ ಏನನ್ನೂ ಹಿಡಿಯಬಾರದು, ಎತ್ತಬಾರದು. ಹೊಲಿದದ್ದು ಕೂಡಿಕೊಂಡರೆ ಬೆರಳು ಮೊದಲಿನಂತಾಗುತ್ತದೆ ಎಂದು ಸರ್ಜನ್ ಹೇಳಿದರು. ಕಾಂತಾಮಣಿ ಆಸ್ಪತ್ರೆಯಿಂದಲೇ ಫ್ರಾವ್ ರೈಸಿಂಗರಿಗೆ ಫೋನ್ ಮಾಡಿದರು. ನವೆಂಬರ್ ಕೊನೆಯವರೆಗೆ ಕಾಯುತ್ತೇನೆ ಎಂದರಂತೆ.

"ಕೇಳಿಸ್ತಾ?" ಎಂದರು ಕಾಂತಾಮಣಿ ಪ್ರಭಂಜನನ ಕಡೆ ತಿರುಗಿ. "ಆರು ವಾರ ಆ ಕೈಗೆ ರಜೆ. ಪೂರ್ತಿ ರಜೆ."

"ಖಂಡಿತ ಆಂಟಿ. ನಾನು ನೋಡ್ಕೋತೀನಿ."

ಅವಳನ್ನು ಎರಡು ರಾತ್ರಿ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಶನಿವಾರದ ಪಾರ್ಟಿ ನಡೆಯಿತು. ಮ್ಯಾನೇಜರನ್ನು ಕರೆದು ಬೇಡವೆನ್ನುವುದು ಚೆನ್ನಾಗಿರುವುದಿಲ್ಲ ಎಂದು ಅವನು ಅವಳನ್ನು ಕೇಳಿಯೇ ತೀರ್ಮಾನಿಸಿದ. ಕೇಳಿದಾಗ ಅವಳಿಗಿನ್ನೂ ಔಷಧಿಯ ಮಂಪರಿತ್ತು. ಇಳಾ ಕೆಳಗೆ ಫ್ರಾವ್ ಶ್ಟಾಡ್ಲರಳ ಜೊತೆಗಿದ್ದಳು. ಯತಿರಾಜ ಪುಳಿಯೋಗರೆ ಕಲಸಿದನಂತೆ. ಒಡೆಯದೆ ಉಳಿದ ಬಾಟಲಿಗಳನ್ನು ಫ್ರಾವ್ ಶ್ಟಾಡ್ಲರಳ ತಮ್ಮ ದಪ್ಪ ಕೈಗವಸು ಹಾಕಿಕೊಂಡು ಒಂದೊಂದಾಗಿ ತಣಿಸಿ ತೆರೆದುಕೊಟ್ಟನಂತೆ. ಹೆರ್ ಲೆಕ್ನರ್ ಕುಡಿದು, ಹಸಿ ಹೂವಿನ ಗುಣ ಬಂದಿದೆ ಎಂದನಂತೆ. ಇದೆಲ್ಲ ಪ್ರಭಂಜನ ಭಾನುವಾರ ಅವಳನ್ನು ಕರೆತರುವಾಗ ಕಾರಿನಲ್ಲಿ ಹೇಳಿದ್ದು.

"ನಿನ್ನ ಬಗ್ಗೇನೂ ಕೇಳಿದ. ಗೂಟೆ ಬೆಸೆರುಂಗ್ ಅಂತ ಹೇಳು ಅಂದ." ಬೇಗ ಗುಣವಾಗಲಿ ಎಂಬ ಹಾರೈಕೆ ಅದು.

ಮನೆಗೆ ಬಂದರೆ ಸಿಂಕಿನಲ್ಲಿ ತಟ್ಟೆ ಲೋಟಗಳ ಗುಡ್ಡೆ. ಬಚ್ಚಲುಮನೆಯ ಟಬ್ಬಿನಲ್ಲಿ ಪುಳಿಯೋಗರೆಯ ಬಾಣಲೆ, ಬಿಯರಿನ ಬಕೆಟ್ಟು, ದೊಡ್ಡ ಸ್ಟೀಲ್ ಪಾತ್ರೆ, ಎಲ್ಲ ನೀರಿನಲ್ಲಿ.

"ನಿಂಗೆ ಕಷ್ಟ ಆಗ್ಬಾರ್ದು ಅಂತ ಎಲ್ಲಾ ನೆನೆಸಿಟ್ಟಿದೀನಿ," ಎಂದ ಪ್ರಭಂಜನ. ಅವನ ದನಿಯಲ್ಲಿ ಪ್ರೀತಿಯೇ ಇತ್ತು. ಅದನ್ನು ಇಲ್ಲವೆನ್ನುವ ಹಾಗಿಲ್ಲ.

ಅವನು ತೊಳೆಯುತ್ತಾನೆಂದು ಅವಳು ಸೋಮವಾರ ಇಡೀ ಕಾದಳು. ಅವಳದಾಗಬೇಕಿದ್ದ ಸೋಮವಾರ ಅದು. ಮಂಗಳವಾರ ಇಳಾಳಿಗೆ ಸ್ನಾನ ಮಾಡಿಸಬೇಕಿತ್ತು, ಟಬ್ಬು ಖಾಲಿಯಿರಲಿಲ್ಲ. ನೀರು ನಾರತೊಡಗಿತ್ತು. ಎಡಗೈಯೊಂದರಲ್ಲೇ ಬಾಣಲೆ ತೊಳೆದಳು, ಬಕೆಟ್ಟು ತೊಳೆದಳು. ದೊಡ್ಡ ಪಾತ್ರೆಯ ತಳದಲ್ಲಿ ಹೂವಿನ ಅಂಟು ಹಿಡಿದಿತ್ತು. ಉಜ್ಜಿ, ನೀರು ಚೆಲ್ಲಲು ಟಬ್ಬಿನ ಅಂಚಿಗೆ ವಾಲಿಸಿದಾಗ ಅದು ಜಾರಿತು. ಕೆಳಗೆ ಇಳಾ ಟವೆಲ್ ಹಿಡಿದು ಕೂತಿದ್ದಳು. ಬಲಗೈ ತಾನಾಗಿ ಮುಂದೆ ಹೋಗಿ ಪಾತ್ರೆ ಹಿಡಿಯಿತು. ಅಂಗೈಯೊಳಗೆ ದಾರ ಕಿತ್ತಂತಾಯಿತು. ಅಂಥಾ ನೋವೇನೂ ಆಗಲಿಲ್ಲ. ಪಾತ್ರೆಯನ್ನು ಕೆಳಗಿಟ್ಟು, ಮಗುವಿಗೆ ಸ್ನಾನ ಮಾಡಿಸಿ, ತಲೆ ಒರೆಸಿ, ಆಮೇಲೆ ಕಾಂತಾಮಣಿಗೆ ಫೋನ್ ಮಾಡಿದಳು.

ಸರ್ಜನ್ ಮತ್ತೊಮ್ಮೆ ತೆರೆದು ಹೊಲಿದರು. ಎರಡನೆಯ ಸಲ ಅದು ಸರಿಯಾಗಿ ಕೂಡಲಿಲ್ಲ. ಈಗ ಪ್ರಭಂಜನ ಅನ್ನ ಮಾಡುವುದು ಕಲಿತ, ಬೇಳೆ ಬೇಯಿಸುವುದು ಕಲಿತ. ಫೋನಿನಲ್ಲಿ ಅಮ್ಮನಿಗೂ ಹೇಳಿದ. ವಿಜಯಮ್ಮ ಆ ಕಡೆ ಅತ್ತುಬಿಟ್ಟರು, ಮಗನಿಗಾಗಿ.

ನವೆಂಬರಿನ ಕೊನೆ ವಾರ ಊರ್ಮಿಳೆ ಬಸ್ಸು ಹಿಡಿದು ಹಾಲಿನ ಫ್ಯಾಕ್ಟರಿಗೆ ಹೋದಳು. ಫ್ರಾವ್ ರೈಸಿಂಗರ್ ಎತ್ತರದ, ಮಾತು ಕಡಿಮೆಯ ಹೆಂಗಸು. ಬಿಳಿ ಕೋಟು ಕೊಟ್ಟು, ಮೇಜು ತೋರಿಸಿ, ಮೊಸರಿನ ಮಾದರಿ ಮುಂದಿಟ್ಟರು. ಬರ್ನರಿನ ಸದ್ದು, ಸ್ಪಿರಿಟ್ಟಿನ ವಾಸನೆ, ಸಾಲಾಗಿ ಇಟ್ಟ ತಟ್ಟೆಗಳು. ಎಲ್ಲ ಅವಳಿಗೆ ಗೊತ್ತಿದ್ದದ್ದೇ. ಕುಣಿಕೆಯನ್ನು ಬೆಂಕಿಯಲ್ಲಿ ಕಾಯಿಸಿದಳು. ತಣಿಯುವವರೆಗೆ ಎಷ್ಟು ಹೊತ್ತು ಹಿಡಿಯಬೇಕೆಂದು ಮೈಗೆ ನೆನಪಿತ್ತು. ತೋರುಬೆರಳು ಮಾತ್ರ ಕುಣಿಕೆಯ ಹಿಡಿಯ ಮೇಲೆ ಕೋಲಿನಂತೆ ನಿಂತಿತ್ತು. ಉಳಿದ ಬೆರಳುಗಳಲ್ಲಿ ಹಿಡಿದು ಎಳೆದಳು. ಅಗಾರ್ ಹರಿಯಿತು. ಇನ್ನೊಂದು ತಟ್ಟೆ ತೆಗೆದುಕೊಂಡಳು, ಅದೂ ಹರಿಯಿತು. ಎಡಗೈಗೆ ಬದಲಾಯಿಸಿದಳು. ಗೆರೆ ಒಂದರ ಮೇಲೊಂದು ಬಿದ್ದು ಮಗು ಬರೆದ ಅಕ್ಷರದಂತಾಯಿತು.

ಫ್ರಾವ್ ರೈಸಿಂಗರ್ ಪಕ್ಕದಲ್ಲೇ ನಿಂತಿದ್ದರು. ಅವಳು ಮೂರನೆಯ ತಟ್ಟೆಗೆ ಕೈಹಾಕುವಾಗ ಮೆಲ್ಲಗೆ ಬರ್ನರ್ ಆರಿಸಿದರು.

"ಶಾಡೆ," ಎಂದರು. ಛೆ, ಪಾಪ ಎನ್ನುವ ಹಾಗೆ. ಮತ್ತೆ ನಿಧಾನವಾಗಿ, ಅವಳಿಗೆ ಅರ್ಥವಾಗುವಂತೆ ಬಿಡಿಸಿ ಹೇಳಿದರು: "ನಿಮಗೆ ಕೆಲಸ ಗೊತ್ತಿದೆ. ಅದು ಕಾಣುತ್ತದೆ. ಆದರೆ ದಿನಕ್ಕೆ ಇಂಥ ತಟ್ಟೆಗಳು ಬಹಳ ಬರುತ್ತವೆ."

ಕೋಟಿನ ಗುಂಡಿ ಬಿಚ್ಚಲು ಅವಳಿಗೆ ಹೊತ್ತು ಹಿಡಿಯಿತು. ಅವರು ಸಹಾಯಕ್ಕೆ ಬಂದರು. ಅವಳು ಬೇಡವೆಂದಳು.

ಪ್ರಭಂಜನನ ಕೆಲಸ ಉಳಿಯಿತು. ಕಂಪನಿಗೆ ಹೊಸ ಪ್ರಾಜೆಕ್ಟು ಸಿಕ್ಕಿತ್ತು, ಯಾರನ್ನೂ ತೆಗೆಯಲಿಲ್ಲ. ಅವನಿಗೆ ಮಾತ್ರ ಆ ಬಿಯರೇ ಉಳಿಸಿತೆಂದು ಇಂದಿಗೂ ನಂಬಿಕೆ.

ಡಿಸೆಂಬರಿನಲ್ಲಿ ಕೈ ತೋರಿಸಲು ಹೋದದ್ದೇ ಕೊನೆಯ ಸಲ. ಇನ್ನು ಇಷ್ಟೇ ಎಂದು ಸರ್ಜನ್ ಹೇಳಿದರು. ಹೊರಗೆ ರಿಸೆಪ್ಶನ್ನಿನ ಹೆಂಗಸು ಕಂಪ್ಯೂಟರ್ ನೋಡಿ, ಎರಡು ಆಪರೇಶನ್ ಆಗಿರುವುದರಿಂದ ಇನ್ಶೂರೆನ್ಸಿನವರು ಮತ್ತೊಮ್ಮೆ ಕೇಳಿದ್ದಾರೆ, ಇದು ಕೆಲಸದ ಅಪಘಾತವೇ ಎಂದಳು.

"ನೈನ್," ಎಂದ ಪ್ರಭಂಜನ. "ಪ್ರಿವಾಟ್."

"ಯಾ," ಎಂದಳು ಊರ್ಮಿಳೆ. ಈ ಸಲ ಅವಳಿಗೆ ಪದಗಳಿದ್ದವು. ಬಸ್ಸಿನಲ್ಲಿ ಬರುವಾಗ ಹೋಗುವಾಗ ಜೋಡಿಸಿಕೊಂಡಿದ್ದಳು. "ನಾನು ಕೆಲಸ ಮಾಡುತ್ತಿದ್ದಾಗ ಆದದ್ದು. ಎರಡು ಸಲವೂ."

ಹೆಂಗಸು ಟೈಪ್ ಮಾಡುವುದನ್ನು ನಿಲ್ಲಿಸಿದಳು. "ಯಾವ ಕೆಲಸ?"

"ಮೊದಲನೆಯ ಸಲ ಅಡುಗೆ. ಎರಡನೆಯ ಸಲ ಪಾತ್ರೆ."

"ಎಲ್ಲಿ? ಹೋಟೆಲ್?"

"ಮನೆಯಲ್ಲಿ."

"ಕೆಲಸ ಕೊಟ್ಟವರು ಯಾರು? ಹೆಸರು ಬೇಕಾಗುತ್ತದೆ."

ಊರ್ಮಿಳೆ ತಿರುಗಿ ಗಂಡನನ್ನು ನೋಡಿದಳು. ಪ್ರಭಂಜನ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನಲ್ಲಿ ಏನನ್ನೋ ಓದುತ್ತಿದ್ದ. ರಿಸೆಪ್ಶನ್ನಿನ ಹೆಂಗಸು ಇಬ್ಬರನ್ನೂ ನೋಡಿದಳು. ಅವಳೇನೂ ಕೆಟ್ಟವಳಲ್ಲ, ಅವಳ ಬೆರಳ ಗೆಣ್ಣುಗಳ ಮೇಲೂ ಸೋಪಿಗೆ ಚರ್ಮ ಬಿರಿದಿತ್ತು. ಆಮೇಲೆ, "ಹೌಸ್‌ಫ್ರಾವ್," ಗೃಹಿಣಿ, ಎಂದು ತನಗೇ ಹೇಳಿಕೊಳ್ಳುತ್ತ ಟೈಪ್ ಮಾಡಿದಳು. "ಹಾಗಾದರೆ ಪ್ರಿವಾಟ್."

ಕಾರಿನಲ್ಲಿ ಕೂತು ಪ್ರಭಂಜನ ಕೀ ತಿರುಗಿಸಿದ. "ಅವರ ಮುಂದೆ ಅದನ್ನ ಹೇಳೋ ಅವಶ್ಯಕತೆ ಏನಿತ್ತೇ?" ಎಂದ. ಊರ್ಮಿಳೆ ಎಡಗೈಯಲ್ಲಿ ಬೆಲ್ಟ್ ಎಳೆದು ಸಿಕ್ಕಿಸಿಕೊಂಡಳು. ರಸ್ತೆಯ ಎರಡೂ ಕಡೆ ತೋಟಗಳಲ್ಲಿ ಬಳ್ಳಿ ಇರಲಿಲ್ಲ, ಕಂಬ ಮತ್ತು ತಂತಿ ಮಾತ್ರ ಇದ್ದವು. ಮಂಜು ಬೀಳಲು ಶುರುವಾಗಿತ್ತು.

ಮನೆಯ ಸಿಂಕಿನಲ್ಲಿ ಬೆಳಗಿನ ಪಾತ್ರೆಗಳು ನೆನೆಯುತ್ತಿದ್ದವು.